ಬೆಳಕು ತಿನ್ನುವ ಚಿಪ್ಪು

ಆ ಕಟ್ಟಡದಲ್ಲಿ ಎಲ್ಲರೂ ಅವನನ್ನು ಹಲ್ಲಪ್ಪ ಎಂದೇ ಕರೆಯುತ್ತಿದ್ದರು. ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವನು ಅದಕ್ಕೆ ಬಿಳಿ ಪುಡಿ ಕಲಸಿ ಸುರಿದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಹಿಂದಕ್ಕೆ ಕಳಿಸುತ್ತಿದ್ದ. ಊರಿನ ಅರ್ಧ ಮುದುಕರು ಅವನು ಮಾಡಿದ ಹಲ್ಲಿನಲ್ಲೇ ನಗುತ್ತಿದ್ದರು. ಅವನು ಮಾತ್ರ ನಗುವುದನ್ನು ಕಂಡವರು ಕಡಿಮೆ. ಮಾತೂ ಅಷ್ಟೇ, ಹತ್ತು ಕೇಳಿದರೆ ಒಂದಕ್ಕೆ ಉತ್ತರ, ಅದೂ ಅರ್ಧ.

ಆದರೆ ಮೂರನೆಯ ಮಹಡಿಯ ಅವನ ಮನೆಗೆ ಹೋಗಿ ಗಾಜಿನ ತೊಟ್ಟಿಯ ಮುಂದೆ ನಿಂತು "ಇದೇನು?" ಎಂದು ಕೇಳಿಬಿಟ್ಟರೆ ಮುಗಿಯಿತು, ಕೇಳಿದವನ ಕಾಲು ನೋಯುವವರೆಗೆ ಬಿಡುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೂ ವಿವರಣೆ, ಮೀಟರ್ ಓದಲು ಬಂದವನಿಗೂ ವಿವರಣೆ. ತೊಟ್ಟಿಯಲ್ಲಿ ಇದ್ದದ್ದು ಉಪ್ಪುನೀರು. ಅಳೆದು ತೂಗಿ ಅವನೇ ಬೆರೆಸಿದ ಸಮುದ್ರ. ಅದರೊಳಗೆ ರಂಧ್ರ ರಂಧ್ರದ ಒಂದು ದೊಡ್ಡ ಕಲ್ಲು, ಕಲ್ಲಿನ ಮೇಲೆ ಅಲ್ಲಲ್ಲಿ ಹವಳ, ನಾಲ್ಕು ಪುಟ್ಟ ಮೀನು, ಮತ್ತು ನೆತ್ತಿಯಲ್ಲಿ ದೀಪಕ್ಕೆ ನೇರವಾಗಿ ಕೂತಿದ್ದ ಒಂದು ಕಪ್ಪೆಚಿಪ್ಪು.

ಮೀನು, ಹವಳ ಎಲ್ಲ ನೆಪಕ್ಕೆ. ಅವನ ಜೀವವೆಲ್ಲ ಇದ್ದದ್ದು ಆ ಚಿಪ್ಪಿನಲ್ಲಿ. ತಂದಾಗ ನಿಂಬೆಹಣ್ಣಿನಷ್ಟಿತ್ತು. ಎಂಟು ವರ್ಷದಲ್ಲಿ ಅಗಲಿಸಿದ ಅಂಗೈಯಷ್ಟು ಬೆಳೆದಿತ್ತು. ದೀಪ ಹತ್ತಿದ ಕೂಡಲೇ ಎರಡು ಹೋಳುಗಳ ನಡುವಿನಿಂದ ನೆರಿಗೆ ನೆರಿಗೆಯಾಗಿ ಮಾಂಸದ ಅಂಚು ಹೊರಗೆ ಚಾಚುತ್ತಿತ್ತು. ಗಾಢ ನೀಲಿ, ಅದರ ಮೇಲೆ ಚಿನ್ನದ ಚುಕ್ಕಿ. ಅವನು ಅದನ್ನು ಸೆರಗು ಎನ್ನುತ್ತಿದ್ದ.

"ಇದು ಏನು ತಿನ್ನುತ್ತೆ?" ಎಂದು ಬಂದವರು ಕೇಳಿಯೇ ಕೇಳುತ್ತಿದ್ದರು.

"ಬೆಳಕು ತಿನ್ನುತ್ತೆ," ಎನ್ನುತ್ತಿದ್ದ ಹಲ್ಲಪ್ಪ. ಸುಳ್ಳಲ್ಲ. ಆ ಸೆರಗಿನೊಳಗೆ ಕಣ್ಣಿಗೆ ಕಾಣದ ಪಾಚಿ ಮನೆ ಮಾಡಿಕೊಂಡಿರುತ್ತದೆ. ಪಾಚಿ ಬೆಳಕಿನಿಂದ ಅಡುಗೆ ಮಾಡುತ್ತದೆ, ಚಿಪ್ಪು ಅದರಲ್ಲಿ ಪಾಲು ತಿನ್ನುತ್ತದೆ. ಬೆಳಕು ನಿಂತರೆ ಒಲೆ ಆರಿದ ಹಾಗೆ. ಪಾಚಿ ಮನೆ ಬಿಟ್ಟು ಹೋಗುತ್ತದೆ, ಸೆರಗು ಬಿಳಿಚಿಕೊಳ್ಳುತ್ತದೆ, ಚಿಪ್ಪು ಬಾಯಿ ಬಿಟ್ಟುಕೊಂಡು ನಿಧಾನವಾಗಿ ಹಸಿದು ಸಾಯುತ್ತದೆ.

ಇಷ್ಟು ಹೇಳಿ ಕೊನೆಗೆ ಒಂದು ಎಚ್ಚರಿಕೆಯ ಮಾತು ಇರುತ್ತಿತ್ತು. ಮುಟ್ಟುವ ಉದ್ದೇಶವೇ ಇಲ್ಲದವರಿಗೂ ಹೇಳುತ್ತಿದ್ದ. "ತಳದಿಂದ ದಾರ ಬಿಟ್ಟು ಕಲ್ಲು ಹಿಡ್ಕೊಂಡಿರುತ್ತೆ. ಅದನ್ನ ಯಾವತ್ತೂ ಎಳೀಬಾರ್ದು. ಎಳೆದ್ರೆ ದಾರ ಬರಲ್ಲ, ಕರುಳೇ ಕಿತ್ತು ಬರುತ್ತೆ. ತೆಗೀಲೇಬೇಕು ಅಂದ್ರೆ ತೆಳ್ಳಗಿನ ಅಲಗು ತೂರಿಸಿ ಕಲ್ಲಿನ ಕಡೆಯಿಂದ ದಾರ ಒಂದೊಂದೇ ಕುಯ್ಯಬೇಕು." ಗ್ಯಾಸಿನವನು ಖಾಲಿ ಸಿಲಿಂಡರ್ ಭುಜದ ಮೇಲಿಟ್ಟುಕೊಂಡು ತಲೆಯಾಡಿಸುತ್ತಿದ್ದ, ಪಾಪ.

ಹೆಂಡತಿ ಒಳಗಿನಿಂದ ಕೂಗುತ್ತಿದ್ದಳು, "ಬಿಡ್ರೀ ಅವನನ್ನ, ಅವನಿಗೆ ಇನ್ನೂ ಹತ್ತು ಮನೆ ಇದೆ. ನನ್ನ ಸವತಿ ಪುರಾಣ ನಾಳೆ ಮುಂದುವರಿಸೋರಂತೆ."

ಸವತಿ ಎಂದು ಹೆಸರಿಟ್ಟವಳು ಅವಳೇ. ಪರದೆ ಹೊಲಿಯುವುದು ಅವಳ ಕೆಲಸ. ಮನೆಯಲ್ಲೇ ಮೆಷಿನ್ನು. ಅಂಗಡಿಯವರು ಬಟ್ಟೆಯ ಥಾನು ತಂದು ಹಾಕುತ್ತಿದ್ದರು, ಇವಳು ಅಂಚು ಮಡಿಸಿ, ಮಡಿಕೆ ಕೂರಿಸಿ, ಕಂಬಿಗೆ ತೂರಿಸುವ ಬಳೆ ಹಾಕಿ ಕೊಡುತ್ತಿದ್ದಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಎರಡು ಕೋಣೆಯ ಮನೆ ಎಂದು ಹೇಳಿಕೊಳ್ಳುತ್ತಿದ್ದರೂ ನಿಜಕ್ಕೆ ಅದು ಒಂದೇ ದೊಡ್ಡ ಕೋಣೆ. ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿದ್ದರು, ಅದು ಸೂರಿಗೆ ಮುಟ್ಟುತ್ತಿರಲಿಲ್ಲ. ಈಚೆಗೆ ತೊಟ್ಟಿ, ಮೆಷಿನ್ನು ಮತ್ತು ಒಲೆ. ಆಚೆಗೆ ಮಂಚ. ಆಚೆಯ ಭಾಗಕ್ಕೆ ಕಿಟಕಿ ಇಲ್ಲ, ಗಾಳಿ ಹಲಗೆಯ ಮೇಲಿನಿಂದಲೇ ಬರಬೇಕು. ಸಂಜೆ ಹೊತ್ತು ದೊಡ್ಡ ದೀಪ ಹಾಕದಿದ್ದರೂ ಇಡೀ ಸೂರು ನೀಲಿಯಾಗಿ ಅಲುಗಾಡುತ್ತಿತ್ತು.

ಆ ತೊಟ್ಟಿ ಮನೆಗೆ ಬಂದದ್ದಕ್ಕೂ ಒಂದು ಕಾರಣ ಇತ್ತು. ಹಲ್ಲಿನ ಸೆಟ್ಟನ್ನು ತಾನೇ ಕೆತ್ತುವ ಯಂತ್ರ ಬಂದ ಹೊಸತರಲ್ಲಿ ಹಲ್ಲಪ್ಪನಿದ್ದ ದೊಡ್ಡ ಲ್ಯಾಬಿನವರು ಕೈಕೆಲಸದವರನ್ನೆಲ್ಲ ಮನೆಗೆ ಕಳಿಸಿದರು. ಇವನು ಬಂದವನು ಗೋಡೆ ನೋಡುತ್ತಾ ಕೂತ. ಆ ವರ್ಷವೆಲ್ಲ ಹಾಗೇ ಕೂತ. ಊಟಕ್ಕೆ ಎಬ್ಬಿಸಬೇಕು, ಸ್ನಾನಕ್ಕೆ ತಳ್ಳಬೇಕು, ಕೇಳಿದ್ದಕ್ಕೆ ಉತ್ತರವಿಲ್ಲ. ಹೆಂಡತಿ ಮೆಷಿನ್ನು ತುಳಿಯುತ್ತಾ ಅವನ ಬೆನ್ನು ನೋಡುತ್ತಾ ವರ್ಷ ಕಳೆದಳು. ಕೊನೆಗೆ ಮನೆ ಸಾಮಾನು ಸಾಗಿಸುವ ಲಾರಿ ಓಡಿಸುತ್ತಿದ್ದ ಅವಳ ತಮ್ಮ, ಯಾರೋ ಬಿಟ್ಟುಹೋದ ಗಾಜಿನ ತೊಟ್ಟಿಯನ್ನು ಹೊತ್ತು ತಂದು ಇಳಿಸಿ, "ಭಾವ, ಗೋಡೆ ನೋಡೋ ಬದ್ಲು ಇದನ್ನ ನೋಡಿ" ಎಂದ. ಹಲ್ಲಪ್ಪ ನೋಡಿದ. ಎದ್ದು ಒರೆಸಿದ. ನೀರು ತುಂಬಿದ. ಸಾಕುವ ಮೀನಿನ ಅಂಗಡಿಗೆ ತಾನೇ ನಡೆದು ಹೋದ. ಚಿಪ್ಪು ಬಂದ ಮೇಲೆ ಸಣ್ಣ ಲ್ಯಾಬೊಂದರಲ್ಲಿ ಕೆಲಸವನ್ನೂ ಹುಡುಕಿಕೊಂಡ. ಸವತಿ ಎಂದು ಅಣಕಿಸುತ್ತಿದ್ದವಳು ಒಳಗೊಳಗೆ ಆ ಸವತಿಗೆ ಕೈ ಮುಗಿಯುತ್ತಿದ್ದಳು.

ಹೀಗಿರುವಾಗ ಅವಳ ಕಣ್ಣು ಕೆಂಪಾಯಿತು. ಮೊದಲು ಹೊಲಿಗೆಯ ಆಯಾಸ ಎಂದುಕೊಂಡಳು, ತಣ್ಣೀರು ಹಾಕಿ ತೊಳೆದಳು. ಆಮೇಲೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಆಮೇಲೆ ಕಿಟಕಿಯ ಕಡೆ ತಿರುಗಲು ಆಗಲಿಲ್ಲ. ಕಣ್ಣಿನ ಡಾಕ್ಟರು ಯಂತ್ರದೊಳಗೆ ಅವಳ ಗಲ್ಲ ಇಡಿಸಿ ನೋಡಿದರು, ಕಿರುಚಿಕೊಂಡಳು.

"ಎರಡೂ ಕಣ್ಣಿನ ಒಳಗೆ ಊತ ಇದೆ," ಎಂದರು ಡಾಕ್ಟರು. "ವಾಸಿಯಾಗುತ್ತೆ, ಆದ್ರೆ ನಿಧಾನ. ಅಲ್ಲಿವರೆಗೆ ಕತ್ತಲಲ್ಲಿ ಇರಿ. ಬೆಳಕಿನಿಂದ ಕಣ್ಣು ಕೆಡಲ್ಲ, ಆದ್ರೆ ನೋವು ತಡೆಯೋಕೆ ಆಗಲ್ಲ."

ಕತ್ತಲಲ್ಲಿ ಇರಬೇಕಾದವಳು ಒಬ್ಬಳು, ಬೆಳಕಿಲ್ಲದೆ ಬದುಕಲಾರದ್ದು ಇನ್ನೊಂದು. ಇಬ್ಬರಿಗೂ ಇದ್ದದ್ದು ಒಂದೇ ಸೂರು. ಹಲ್ಲಪ್ಪನಿಗೆ ಇದು ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಹೊಳೆದಿತ್ತು. ಹೆಂಡತಿಯ ಕೈ ಹಿಡಿದು ನಡೆಸುತ್ತಿದ್ದವನ ತಲೆಯಲ್ಲಿ ಚಿಪ್ಪು ಓಡುತ್ತಿತ್ತು. ಅದಕ್ಕೆ ನಾಚಿಕೆಯೂ ಆಯಿತು.

ಅವನು ಸುಮ್ಮನೆ ಕೂರಲಿಲ್ಲ, ಅದನ್ನು ಹೇಳಲೇಬೇಕು. ಕಿಟಕಿಗೂ ತೊಟ್ಟಿಯ ಸುತ್ತಲೂ ದಪ್ಪ ಪರದೆ ಬಟ್ಟೆ ಕಟ್ಟಿದ. ಅಳತೆ ಹೇಳಿ ಅಂಚು ಮಡಿಸಿಕೊಟ್ಟವಳು ಅವಳೇ, ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ತಡವುತ್ತಾ. ಆದರೆ ಮೇಲ್ಭಾಗ ಮುಚ್ಚಿದರೆ ದೀಪದ ಶಾಖಕ್ಕೆ ನೀರು ಬಿಸಿಯಾಗಿ ಮೀನುಗಳು ಮೇಲೆ ಬಂದು ಬಾಯಿ ಬಡಿದವು. ಮೇಲ್ಭಾಗ ಬಿಟ್ಟರೆ ಬೆಳಕು ಸೂರಿಗೆ ಏರಿ, ಸೂರಿನಿಂದ ಹಲಗೆಯ ಆಚೆಗೆ ಇಳಿಯಿತು. ಹಲಗೆಯ ಮೇಲಿನ ಸಂದಿಗೆ ಬಟ್ಟೆ ಜಡಿದರೆ ಆಚೆ ಗಾಳಿಯಿಲ್ಲದೆ ಅವಳಿಗೆ ಉಸಿರು ಕಟ್ಟಿತು. ಕೊನೆಗೆ ದೀಪವನ್ನೇ ಆರಿಸಿದ.

ಬಾಮೈದ ಬಂದವನು ತನ್ನ ಮನೆಗೆ ಬಾ ಎಂದು ಅಕ್ಕನನ್ನು ಕರೆದ. "ನಮ್ಮಲ್ಲಿ ಒಳಕೋಣೆ ಇದೆ, ಕತ್ತಲೆಗೆ ಏನೂ ಕೊರತೆ ಇಲ್ಲ."

"ಒಂದು ಚಿಪ್ಪಿಗೋಸ್ಕರ ನಾನು ಮನೆ ಬಿಟ್ಟು ಬರ್ಲಾ?" ಎಂದಳು ಅಕ್ಕ. "ಇವರಿಗೆ ಅನ್ನ ಇಟ್ಕೊಳ್ಳೋಕೂ ಬರಲ್ಲ. ಚಿಪ್ಪಿನ ಹಾಗೆ ಬೆಳಕು ತಿನ್ನೋದನ್ನೂ ಕಲ್ತಿಲ್ಲ." ಬಾಮೈದ ನಕ್ಕ. ಹಲ್ಲಪ್ಪ ನಗಲಿಲ್ಲ, ಅವನು ತೊಟ್ಟಿಯ ಮುಂದೆ ಕತ್ತಲಲ್ಲಿ ಕೂತಿದ್ದ.

ಮೀನಿನ ಅಂಗಡಿಯವಳು ಒಳ್ಳೆಯ ಹೆಂಗಸು. ವಿಷಯ ಕೇಳಿ, "ನನ್ನ ದೊಡ್ಡ ತೊಟ್ಟಿಯಲ್ಲಿ ಜಾಗ ಇದೆ, ತಂದಿಡಿ. ಅವರಿಗೆ ವಾಸಿಯಾದ ಮೇಲೆ ತಗೊಂಡು ಹೋಗಿ. ಬೇಕಾದ್ರೆ ನಾನೇ ಬಂದು ದಾರ ಕುಯ್ದು ಕೊಡ್ತೀನಿ" ಎಂದಳು. ಇದಕ್ಕಿಂತ ಸರಿಯಾದ ದಾರಿ ಬೇರೆ ಇರಲಿಲ್ಲ. ಹಲ್ಲಪ್ಪನಿಗೂ ಅದು ಗೊತ್ತಿತ್ತು. ಆದರೆ ಅವನು ನಾಳೆ ಎಂದ, ಭಾನುವಾರ ಎಂದ, ಮುಂದಿನ ವಾರ ಎಂದ. ಅದಿಲ್ಲದ ಮನೆಗೆ ಸಂಜೆ ಬಾಗಿಲು ತೆಗೆದು ಬರುವುದನ್ನು ನೆನೆದರೆ ಅವನಿಗೆ ಭಯವಾಗುತ್ತಿತ್ತು. ಆ ಗೋಡೆ ನೋಡಿದ ವರ್ಷ ಅವನ ಬೆನ್ನ ಹಿಂದೆಯೇ ನಿಂತಿದೆ ಅನಿಸುತ್ತಿತ್ತು. ಭಯವನ್ನು ಭಯ ಎಂದು ಒಪ್ಪಿಕೊಳ್ಳುವ ಗಂಡಸು ಅವನಲ್ಲ. ಹಾಗಾಗಿ ಕಲ್ಲು ಭಾರ, ನೀರು ಹೊರಗೆ ಚೆಲ್ಲುತ್ತದೆ, ಲ್ಯಾಬಿನಲ್ಲಿ ಕೆಲಸ ಜಾಸ್ತಿ ಎಂದೆಲ್ಲ ಹೇಳಿ ಕಾಲ ತಳ್ಳಿದ.

ಅಷ್ಟರಲ್ಲಿ ಚಿಪ್ಪು ಸೊರಗತೊಡಗಿತು. ಸೆರಗು ಮೊದಲಿನಂತೆ ಚಾಚುತ್ತಿರಲಿಲ್ಲ. ನೀಲಿ ಮಾಸಿ ನಡುನಡುವೆ ಬಿಳಿ ಮಚ್ಚೆ ಕಾಣಿಸಿತು. ಬೆರಳ ತುದಿಯಷ್ಟು ಟಾರ್ಚ್ ಹಿಡಿದು ಅವನು ದಿನವೂ ಮಚ್ಚೆ ಎಣಿಸುತ್ತಿದ್ದ. ಅದೇ ಹೊತ್ತಿಗೆ ಅವಳ ಕಣ್ಣಿಗೆ ನೋವು ಹೆಚ್ಚಾಗಿ, ಡಾಕ್ಟರು ಪಾಪೆ ಅಗಲವಾಗುವ ಔಷಧ ಹಾಕಿ ಎರಡೂ ಕಣ್ಣಿಗೆ ಹತ್ತಿ ಇಟ್ಟು ಕಟ್ಟು ಕಟ್ಟಿದರು.

ಕಟ್ಟು ನೋಡಿದಾಗ ಹಲ್ಲಪ್ಪನಿಗೆ ಒಂದು ಯೋಚನೆ ಬಂತು. ಬರಬಾರದಿತ್ತು, ಬಂತು. ಬೆಳಕಿನಿಂದ ಕಣ್ಣು ಕೆಡಲ್ಲ ಎಂದು ಡಾಕ್ಟರೇ ಹೇಳಿದ್ದರು. ಆ ಮಾತಿನ ಮೊದಲರ್ಧವನ್ನು ಅವನು ಕಿವಿಗೆ ಹಾಕಿಕೊಂಡ, ಉಳಿದರ್ಧವನ್ನು ಕಟ್ಟಿನ ಮೇಲೆ ಬಿಟ್ಟ. ಇಷ್ಟು ಹತ್ತಿ ಇರುವಾಗ ಅವಳಿಗೇನು ಗೊತ್ತಾಗುತ್ತದೆ? ಸ್ವಿಚ್ಚಿನ ಸದ್ದು ಕೇಳದಿರಲೆಂದು ಸದ್ದಿಲ್ಲದ ಟೈಮರ್ ಒಂದನ್ನು ತಂದು ಪ್ಲಗ್ಗಿಗೆ ಸಿಕ್ಕಿಸಿದ. ಅವನು ಕೆಲಸಕ್ಕೆ ಹೋದ ಸ್ವಲ್ಪ ಹೊತ್ತಿಗೆ ದೀಪ ಹತ್ತುವುದು, ಅವನು ಬರುವುದಕ್ಕೆ ಮುಂಚೆ ಆರುವುದು. ಸಂಜೆ ಒಳಗೆ ಬಂದರೆ ಮನೆ ಕತ್ತಲೋ ಕತ್ತಲು, ಪಂಪಿನ ಗುಂಯ್ ಸದ್ದು ಮಾತ್ರ. ಹೆಂಡತಿ ಮಂಚದ ಮೇಲೆ ಮಲಗಿರುತ್ತಿದ್ದಳು. ಎಲ್ಲ ಸುಸೂತ್ರ.

ಚಿಪ್ಪು ಚೇತರಿಸಿಕೊಂಡಿತು. ಬಿಳಿ ಮಚ್ಚೆಯ ಅಂಚಿನಿಂದ ನೀಲಿ ಒಳಗೆ ಹರಿಯತೊಡಗಿತು. ಹಲ್ಲಪ್ಪನ ಮುಖವೂ ಬಿಚ್ಚಿತು. ಬೂಟು ಬಿಚ್ಚುವಾಗ ಗುನುಗುತ್ತಿದ್ದ. ರಾಗವಿಲ್ಲದ ಗುನುಗು, ಆದರೆ ಗುನುಗು. ಹೆಂಡತಿಗೆ ಔಷಧ ಹಾಕುವಾಗ, ಅನ್ನ ಕಲಸಿ ಕೈಗೆ ಕೊಡುವಾಗ ತಾನಾಗಿ ಮಾತಾಡುತ್ತಿದ್ದ. ಯಾವ ಮುದುಕನ ದವಡೆ ಹೇಗಿತ್ತು, ಯಾವ ಡಾಕ್ಟರು ಅಚ್ಚನ್ನು ಹೇಗೆ ಹಾಳು ಮಾಡಿ ಕಳಿಸಿದ ಎಂದೆಲ್ಲ ಹೇಳುತ್ತಿದ್ದ.

"ಅದು ಹೇಗಿದೆ?" ಎಂದು ಅವಳು ದಿನವೂ ಕೇಳುತ್ತಿದ್ದಳು.

"ಬಣ್ಣ ವಾಪಸ್ ಬರ್ತಿದೆ."

"ಕತ್ತಲಲ್ಲೇ?"

"ಅಭ್ಯಾಸ ಆಗಿರ್ಬೇಕು."

"ಸರಿ ಬಿಡಿ. ನಂಗೂ ಆಗಿದೆ," ಎನ್ನುತ್ತಿದ್ದಳು ಅವಳು.

ಒಂದು ದಿನ ಲ್ಯಾಬಿನ ಕುಲುಮೆ ಕೆಟ್ಟಿತು. ಮಧ್ಯಾಹ್ನವೇ ಎಲ್ಲರನ್ನೂ ಮನೆಗೆ ಬಿಟ್ಟರು. ಹಲ್ಲಪ್ಪ ಬೀಗದ ಕೈ ತಿರುಗಿಸಿ ಬಾಗಿಲು ತೆಗೆದ. ಸೂರು ತುಂಬಾ ನೀಲಿ ಬೆಳಕು. ಎಷ್ಟೋ ವಾರಗಳ ಮೇಲೆ ತುಂಬು ದೀಪದಲ್ಲಿ ಅದನ್ನು ನೋಡುತ್ತಿದ್ದ. ಬಟ್ಟೆ ಸರಿಸಿ ಬಗ್ಗಿದ. ಸೆರಗು ಪೂರ್ತಿ ಚಾಚಿತ್ತು, ನೀರಿನ ಸೆಳೆತಕ್ಕೆ ಮೆಲ್ಲಗೆ ಅಲುಗುತ್ತಿತ್ತು, ಚಿನ್ನದ ಚುಕ್ಕಿಗಳೆಲ್ಲ ವಾಪಸ್ ಬಂದಿದ್ದವು. ಅವನು ಚೀಲ ಕೆಳಗಿಡುವುದನ್ನೂ ಮರೆತು ನಿಂತ. ಸಾಕಷ್ಟು ಹೊತ್ತು ನಿಂತ. ಆಮೇಲೆ ಹಲಗೆಯ ಆಚೆ ಇಣುಕಿದ. ಮಂಚ ಖಾಲಿ ಇತ್ತು.

ಕಣ್ಣು ಕಟ್ಟಿರುವ ಹೆಂಗಸು ಎಲ್ಲಿಗೆ ಹೋದಾಳು? ಮೆಟ್ಟಿಲಿನ ಕಡೆ ಓಡಿದ, ವಾಪಸ್ ಬಂದ, ಮಂಚದ ಕೆಳಗೂ ನೋಡಿದ. ಹುಚ್ಚನ ಹಾಗೆ ಅಡುಗೆಯ ಮೂಲೆಗೆ ಹೋದ. ಆಗ ಬಚ್ಚಲ ಬಾಗಿಲು ಕಂಡಿತು. ಬಾಗಿಲ ಅಡಿಯ ಸಂದಿಗೆ ಒಳಗಿನಿಂದ ಬಟ್ಟೆ ತುರುಕಿತ್ತು.

ತಳ್ಳಿದ. ಬಕೆಟ್ಟು ಬೋರಲು ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಕೂತಿದ್ದಳು. ಕಟ್ಟಿನ ಮೇಲೆ ಒದ್ದೆ ಟವೆಲು ಸುತ್ತಿಕೊಂಡಿದ್ದಳು. ಮಂಡಿ ಎದೆಗೆ ಸೇರಿಸಿ, ಎರಡೂ ಕೈಯಲ್ಲಿ ತಲೆ ಒತ್ತಿ ಹಿಡಿದಿದ್ದಳು. ಪರದೆಗೆ ಮಡಿಕೆ ಕೂರಿಸುತ್ತಾ ಮನೆ ತುಂಬಾ ಮಾತಾಡುತ್ತಿದ್ದ ಹೆಂಗಸು ಅಷ್ಟು ಸಣ್ಣದಾಗಿ ಮುದುಡಿದ್ದನ್ನು ಅವನು ಎಂದೂ ನೋಡಿರಲಿಲ್ಲ.

"ಯಾರು?"

"ನಾನೇ."

"ಇಷ್ಟು ಬೇಗ ಯಾಕೆ ಬಂದ್ರಿ?" ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಕೇಳಿದಳು. "ಬಾಗಿಲು ಹಾಕ್ಕೊಳ್ಳಿ ಮೊದ್ಲು, ಚುಚ್ಚುತ್ತೆ."

ಅವನು ಒಳಗೆ ಬಂದು ಬಾಗಿಲು ಹಾಕಿದ.

"ಇಲ್ಲಿ ಯಾಕೆ ಕೂತಿದೀಯ?"

"ಸೆಕೆ ಅಂತ." ಸ್ವಲ್ಪ ತಡೆದು, "ಸುಳ್ಳು ನಂಗೆ ಬರಲ್ಲ ಬಿಡಿ. ನೀವು ಹೋದ ಮೇಲೆ ದೀಪ ಹತ್ತುತ್ತೆ. ನೀವು ಬರೋ ಮುಂಚೆ ಆರುತ್ತೆ. ಅಷ್ಟು ಹೊತ್ತು ಇಲ್ಲಿರ್ತೀನಿ. ಆರಿದ ಮೇಲೆ ಹೋಗಿ ಮಲ್ಕೋತೀನಿ."

"ನಿಂಗೆ ಗೊತ್ತಿತ್ತಾ?"

"ಕಣ್ಣಿಗೆ ಬಟ್ಟೆ ಕಟ್ಟಿದಾರೆ ರೀ, ಕಣ್ಣೇ ಕಿತ್ತಿಲ್ಲವಲ್ಲ. ರೆಪ್ಪೆ ಒಳಗೆಲ್ಲ ಕೆಂಡ ಆಗುತ್ತೆ."

"ಮೊದಲ ದಿನದಿಂದ್ಲೂ?"

"ಮೊದಲ ದಿನದಿಂದ್ಲೂ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆರಿಸ್ತಿದ್ರಿ. ಅದು ಸಾಯ್ತಿತ್ತು. ಆಮೇಲೆ ನೀವು ಆ ವರ್ಷದ ಹಾಗೆ ಗೋಡೆ ನೋಡ್ತಾ ಕೂರ್ತಿದ್ರಿ. ಆ ಮೋರೆ ಇನ್ನೊಂದು ಸಲ ನೋಡೋ ಶಕ್ತಿ ನಂಗಿಲ್ಲ. ಇದಾದ್ರೆ ದಿನಕ್ಕೆ ಇಷ್ಟು ಹೊತ್ತು ಅಂತ ಲೆಕ್ಕ ಇದೆ. ಸಂಜೆ ನೀವು ಗುನುಗ್ತಾ ಬರೋದು ಕೇಳಿಸುತ್ತಲ್ಲ, ಅಷ್ಟು ಸಾಕು ಅನ್ಕೊಂಡೆ."

ಹಲ್ಲಪ್ಪ ಅವಳ ತಲೆಯ ಮೇಲೆ ಕೈಯಿಡಲು ಹೋದ, ಟವೆಲು ಕೈಗೆ ತಣ್ಣಗೆ ಹತ್ತಿತು. ಕೈ ತೆಗೆದ. ತನ್ನ ಮೇಲೆ ಬಂದ ಸಿಟ್ಟನ್ನು ತನ್ನ ಮೇಲೇ ತೀರಿಸಿಕೊಳ್ಳುವುದು ಹೇಗೆ ಎಂದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಅವನಿಗೂ ಗೊತ್ತಿರಲಿಲ್ಲ. ಬಾಗಿಲು ತೆಗೆದು ಈಚೆ ಬಂದ. ಪ್ಲಗ್ಗು ಕಿತ್ತ. ಅಂಗಿಯ ತೋಳು ಮಡಿಸಲೂ ಇಲ್ಲ, ಭುಜದವರೆಗೆ ಕೈಯನ್ನು ಉಪ್ಪುನೀರಿಗೆ ಇಳಿಸಿದ. ಅದನ್ನು ಹೊರಗೆ ಹಾಕಬೇಕು, ಈಗಲೇ ಹಾಕಬೇಕು, ಇನ್ನೊಂದು ನಿಮಿಷ ಈ ಮನೆಯಲ್ಲಿ ಇರಕೂಡದು. ಅಷ್ಟೇ ಅವನ ತಲೆಯಲ್ಲಿದ್ದದ್ದು. ಚಿಪ್ಪು ಬೆರಳು ತಾಗಿದ ಕೂಡಲೇ ಸೆರಗು ಒಳಗೆಳೆದುಕೊಂಡು ಬಿಗಿಯಾಗಿ ಮುಚ್ಚಿಕೊಂಡಿತು. ಅವನು ಹಿಡಿದು ಎಳೆದ. ಬರಲಿಲ್ಲ. ಇನ್ನೂ ಜೋರಾಗಿ ಎಳೆದ.

ಬಟ್ಟೆ ಹರಿದಂತೆ ಏನೋ ಹರಿದದ್ದು ಬೆರಳಿಗೆ ಗೊತ್ತಾಯಿತು. ಮೇಣದ ಒಸಡಿನ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ಬೆರಳು ಅವು, ತಪ್ಪು ತಿಳಿಯುವ ಮಾತೇ ಇಲ್ಲ. ಸಿಲಿಂಡರಿನವನಿಗೆ, ಮೀಟರಿನವನಿಗೆ, ಬಂದ ಬಂದವರಿಗೆಲ್ಲ ಎಂಟು ವರ್ಷ ಹೇಳಿದ್ದ. ಮೇಣದ ಕೆಲಸದ ತೆಳ್ಳಗಿನ ಅಲಗು ಅವನ ಜೇಬಿನಲ್ಲೇ ಇತ್ತು.

"ಏನು ಮಾಡ್ತಿದೀರಿ?" ಎಂದು ಹೆಂಡತಿ ಬಚ್ಚಲಿನಿಂದ ಕೇಳಿದಳು.

"ಅಂಗಡಿಗೆ ಕೊಟ್ಟು ಬರ್ತೀನಿ. ಅಲ್ಲಿ ಬೆಳಕಿದೆ."

"ಹುಷಾರಾಗಿ ತೆಗೀರಿ ಮತ್ತೆ, ಎಳೀಬೇಡಿ."

"ಇಲ್ಲ," ಎಂದ.

ಅಂಗಡಿಯವಳು ಅವನು ತಂದ ಬಕೆಟ್ಟಿನ ನೀರಿನಲ್ಲೇ ಚಿಪ್ಪನ್ನು ಮಗುಚಿ ನೋಡಿದಳು. ತಳದಲ್ಲಿ ಹರಿದ ಮಾಂಸ ಜೋತಾಡುತ್ತಿತ್ತು. ಅವಳು ಅವನ ಮುಖ ನೋಡಿದಳು, ಅವನ ಒದ್ದೆ ತೋಳು ನೋಡಿದಳು.

"ಕಿತ್ರಾ? ನೀವಾ?"

ಹಲ್ಲಪ್ಪ ಹೌದೆಂದು ತಲೆಯಾಡಿಸಿದ.

"ಬೇರೆ ಯಾರಾದ್ರೂ ಆಗಿದ್ರೆ ಬೈದು ಕಳಿಸ್ತಿದ್ದೆ," ಎಂದಳು. ಬೈಯಲಿಲ್ಲ. ಒಂದು ಬಟ್ಟಲಿನಲ್ಲಿ ಅದನ್ನು ನೆಟ್ಟಗೆ ಕೂರಿಸಿ, ದೊಡ್ಡ ತೊಟ್ಟಿಯಲ್ಲಿ ಒಳ್ಳೆಯ ಬೆಳಕಿರುವ ಕಡೆ ಇಳಿಸಿದಳು.

ದಿನವೂ ಕೆಲಸ ಮುಗಿಸಿ ಅಂಗಡಿಗೆ ಹೋಗಿ ನಿಲ್ಲುತ್ತಿದ್ದ. ಎರಡು ದಿನ ಸೆರಗು ಅಷ್ಟಿಷ್ಟು ಹೊರಗೆ ಬಂತು. ಆಮೇಲೆ ಬರಲಿಲ್ಲ. ಹೋಳುಗಳು ಅಗಲವಾಗಿ ಬಿಟ್ಟುಕೊಂಡವು, ಬೆರಳು ಅಲ್ಲಾಡಿಸಿದರೂ ಮುಚ್ಚಲಿಲ್ಲ. ವಾರ ತುಂಬುವ ಮೊದಲೇ ಅಂಗಡಿಯವಳು, "ಬಿಡಿ, ನೀರು ಕೆಡುತ್ತೆ" ಎಂದು ಅದನ್ನು ತೆಗೆದಳು. ಅಷ್ಟು ಬೆಳಕಿನ ಕೆಳಗೆ ಅದು ಸತ್ತಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಹಲ್ಲಪ್ಪ ಒಂದು ಅಂಗಡಿಯ ಜಗಲಿಯ ಮೇಲೆ ಕೂತು ಅತ್ತ. ಜನ ನೋಡುತ್ತಾ ಹೋದರು. ಎದ್ದು ಮುಖ ಒರೆಸಿಕೊಂಡು ಮೂರು ಮಹಡಿ ಹತ್ತಿದ. ಬಾಗಿಲ ಹತ್ತಿರ ನಿಂತು ಉಸಿರು ಎಳೆದುಕೊಂಡ. ಒಳಗೆ ಹೋಗಿ ಬೂಟು ಬಿಚ್ಚುವಾಗ ಗುನುಗಿದ.

"ಹೇಗಿದೆ?" ಎಂದಳು ಹೆಂಡತಿ.

"ಚೆನ್ನಾಗಿದೆ. ದೊಡ್ಡ ತೊಟ್ಟಿ, ಒಳ್ಳೆ ಬೆಳಕು."

"ಪುಣ್ಯ," ಎಂದಳು.

ಅಲ್ಲಿಂದ ಮುಂದೆ ಅವನ ಕಷ್ಟ ಬೇರೆ ಬಗೆಯದು. ದಿನವೂ ಗುನುಗಬೇಕು. ದಿನವೂ ಚಿಪ್ಪಿನ ಸುದ್ದಿ ಹೇಳಬೇಕು. ಈವತ್ತು ಪೂರ್ತಿ ಚಾಚಿತ್ತು, ಈವತ್ತು ಒಂದು ಮೀನು ಅದರ ಮೇಲೇ ಕೂತಿತ್ತು, ಅಂಗಡಿಗೆ ಬಂದವರೆಲ್ಲ ಅದನ್ನೇ ನೋಡುತ್ತಾರೆ. ಹಿಂದೆ ಹತ್ತಕ್ಕೆ ಒಂದು ಉತ್ತರ ಕೊಡುತ್ತಿದ್ದವನು ಈಗ ಕೇಳದಿದ್ದರೂ ಹೇಳುತ್ತಿದ್ದ. ಅವಳು ಹತ್ತಿಯ ಕಟ್ಟಿನ ಕೆಳಗೆ ನಗುತ್ತಾ ಕೇಳುತ್ತಿದ್ದಳು. ಬಾಮೈದ ಬಂದು ತೊಟ್ಟಿ ಹೊತ್ತುಕೊಂಡು ಹೋದ. ಉಳಿದ ಮೀನು, ಹವಳ ಅಂಗಡಿ ಸೇರಿದವು. ಸ್ಟ್ಯಾಂಡು ಇದ್ದ ಕಡೆ ನೆಲದ ಮೇಲೆ ನಾಲ್ಕು ತುಕ್ಕಿನ ಗುರುತು ಉಳಿಯಿತು.

ಕತ್ತಲೆಯೋ, ಔಷಧವೋ, ಅವಳ ಊತ ಇಳಿಯಿತು. ಮೊದಲು ಒಂದು ಕಣ್ಣಿನ ಕಟ್ಟು ಬಿಚ್ಚಿದರು, ಆಮೇಲೆ ಇನ್ನೊಂದರದ್ದು. ಎಡಗಣ್ಣಿಗೆ ಮಂಜು ಉಳಿದುಕೊಂಡಿತು, ಬಲಗಣ್ಣು ಚೆನ್ನಾಗಿ ಬಂತು. ಡಾಕ್ಟರು ಕಪ್ಪು ಕನ್ನಡಕ ಕೊಟ್ಟು, ಸಂಜೆ ಬಿಸಿಲು ಇಳಿದ ಮೇಲೆ ಸ್ವಲ್ಪ ಸ್ವಲ್ಪ ಹೊರಗೆ ಹೋಗಬಹುದು ಎಂದರು.

"ಹಾಗಾದ್ರೆ ಮೊದ್ಲು ಮೀನಿನ ಅಂಗಡಿಗೆ," ಎಂದಳು ಅವಳು ಅಲ್ಲಿಯೇ, ಡಾಕ್ಟರ ಎದುರಿಗೇ. "ನಾನೂ ಅದನ್ನ ನೋಡ್ಬೇಕು."

ಹಲ್ಲಪ್ಪ ಈ ಸಲವೂ ನಾಳೆ ಎಂದ, ಭಾನುವಾರ ಎಂದ. ಅಂಗಡಿ ರಜೆ ಎಂದ, ಅಂಗಡಿಯವಳಿಗೆ ಜ್ವರ ಎಂದ. ಜ್ವರ ಎಂದ ದಿನ ಅಂಗಡಿಗೆ ಹೋಗಿ, ದೊಡ್ಡ ತೊಟ್ಟಿಯಲ್ಲಿದ್ದ ಇನ್ನೊಂದು ನೀಲಿ ಚಿಪ್ಪು ತೋರಿಸಿ, "ಅವಳು ಬಂದಾಗ ಇದೇ ನಮ್ಮದು ಅಂತ ಹೇಳ್ತೀರಾ?" ಎಂದು ಕೇಳಿದ.

"ಹೇಳಲ್ಲ," ಎಂದಳು ಅಂಗಡಿಯವಳು. "ಈಗಷ್ಟೇ ಕಣ್ಣು ಬಂದಿದೆ ಅವರಿಗೆ. ಆ ಕಣ್ಣಿಗೆ ನನ್ನ ಕೈಯಲ್ಲಿ ಮಣ್ಣು ಹಾಕಿಸ್ಬೇಡಿ. ನೀವೇ ಹೇಳಿ."

ಹೇಳಲು ಅವನಿಗೆ ದಿನವೂ ಸಂಜೆ ಸಿಗುತ್ತಿತ್ತು. ದಿನವೂ ಬಿಡುತ್ತಿದ್ದ. ಕೊನೆಗೆ ಒಂದು ಸಂಜೆ ಅವನು ಬರುವಷ್ಟರಲ್ಲಿ ಅವಳು ಸಿದ್ಧವಾಗಿ ನಿಂತಿದ್ದಳು. ಹೊರಗೆ ಹೋಗುವ ಬಟ್ಟೆ ಉಟ್ಟು, ತಲೆ ಬಾಚಿ, ಕಪ್ಪು ಕನ್ನಡಕ ಹಾಕಿದ್ದಳು. "ಅಂಗಡಿ ತೆಗೆದಿದೆಯಂತೆ. ಕೆಳಗಿನ ಮನೆಯವರನ್ನ ಕೇಳಿದೆ. ಬೂಟು ಬಿಚ್ಚಬೇಡಿ, ಹಾಗೇ ನಡೀರಿ."

ಕೈ ಹಿಡಿದು ಮೆಟ್ಟಿಲಿಳಿಸಿದ. ಎಡಗಣ್ಣು ಸರಿಯಾಗಿ ಕಾಣದ್ದರಿಂದ ಅವಳು ಒಂದೊಂದೇ ಮೆಟ್ಟಿಲನ್ನು ಕಾಲಿನಲ್ಲಿ ತಡವಿ ಇಳಿಯುತ್ತಿದ್ದಳು. ಇಳಿಯುತ್ತಾ ಮಾತು ಬೇರೆ. ಬಣ್ಣ ಪೂರ್ತಿ ಬಂದಿದೆಯೋ, ಇನ್ನೂ ಬೆಳೆದಿರಬೇಕಲ್ಲವೋ, ಮನೆಗೆ ವಾಪಸ್ ತರೋಣ, ನನಗೀಗ ಕನ್ನಡಕ ಇದೆ, ದೀಪ ಹಾಕಿದರೆ ಏನೂ ಆಗಲ್ಲ. ಮೊದಲ ಮಹಡಿಯ ತಿರುವಿನಲ್ಲಿ ಹಲ್ಲಪ್ಪನ ಕಾಲು ನಿಂತಿತು.

"ಅದಿಲ್ಲ," ಎಂದ.

"ಏನಿಲ್ಲ?"

"ಚಿಪ್ಪು. ಸತ್ತುಹೋಯ್ತು. ಆವತ್ತು ನಾನು ಎಳೆದೆ. ನಿನ್ನನ್ನ ಬಚ್ಚಲಲ್ಲಿ ನೋಡಿದ ಸಿಟ್ಟಿಗೆ ಎಳೆದೆ. ವಾರವೂ ಉಳೀಲಿಲ್ಲ."

ಕೆಳಗಿನ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಅವನು ಹೇಳುತ್ತಲೇ ಹೋದ. ಅಂಗಡಿಯಲ್ಲಿ ಮೀನು ಅದರ ಮೇಲೆ ಕೂತದ್ದು ಸುಳ್ಳು, ಜನ ನೋಡಿದ್ದು ಸುಳ್ಳು, ಗುನುಗಿದ್ದೂ ಸುಳ್ಳು, ನಿನಗೆ ಕೇಳಿಸಲಿ ಎಂದೇ ಗುನುಗುತ್ತಿದ್ದೆ ಎಂದ. ಅವಳು ಕನ್ನಡಕ ತೆಗೆದು, ಕಾಣುವ ಕಣ್ಣಿನಿಂದ ಅವನ ಮುಖ ನೋಡಿದಳು. ಬೆಳಕಿಗೆ ಆ ಕಣ್ಣಲ್ಲಿ ನೀರು ಬಂತು, ಅವಳು ಮುಚ್ಚಲಿಲ್ಲ.

"ಹಾಗಾದ್ರೆ," ಎಂದಳು, "ನಾನು ಅಷ್ಟು ದಿನ ಆ ಬಕೆಟ್ಟಿನ ಮೇಲೆ ಕೂತಿದ್ದು ಯಾತಕ್ಕೆ?"

ಅವಳು ಅವನ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ತಡವುತ್ತಾ ತಿರುಗಿ ಮೇಲೆ ಹತ್ತತೊಡಗಿದಳು.